ಕೊಟ್ಟಿಗೆಯ ಸೂರು ಮತ್ತು ಅಟ್ಟ: ಜೋಡಣೆಯ ಕಬ್ಬಿಣವನ್ನು ಆರಿಸುವ ಬಗೆ



ಪಶುವೈದ್ಯನಾದವನು ಹಸುವಿನ ವಿಚಾರ ಬಿಟ್ಟು ಬೋಲ್ಟು, ಪ್ಲೇಟು, ಮೊಳೆಗಳ ವಿಚಾರ ಬರೆಯಲು ಕುಳಿತಿದ್ದಾನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಅರಕಲಗೂಡು ತಾಲ್ಲೂಕಿನ ಒಂದು ಸಂಘದ ಸದಸ್ಯರ ಮನೆಗೆ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೋಗಬೇಕಾಯಿತು. ಹಿಂದಿನ ಸಂಜೆಯ ಗಾಳಿಮಳೆಗೆ ಕೊಟ್ಟಿಗೆಯ ಬಣ್ಣದ ಶೀಟುಗಳು ಹಾರಿ ಪಕ್ಕದ ಜೋಳದ ಹೊಲದಲ್ಲಿ ಬಿದ್ದಿದ್ದವು. ಒಂದು ಹಸುವಿಗೆ ತೊಡೆಯ ಮೇಲೆ ಆಳವಾದ ಗಾಯ, ಹೊಲಿಗೆ ಹಾಕಿದೆ. ಮನೆಯವರು ಶೀಟು ಹಾಕಿದ ಕೆಲಸಗಾರನನ್ನು ಬೈಯುತ್ತಿದ್ದರು. ಕೈ ತೊಳೆದುಕೊಂಡು ಹೊಲಕ್ಕೆ ಹೋಗಿ ನೋಡಿದರೆ ಶೀಟಿನ ಒಂದು ಸ್ಕ್ರೂ ಸಹ ಬಿಟ್ಟಿರಲಿಲ್ಲ. ಶೀಟಿನ ಕೆಳಗಿದ್ದ ಮರದ ಪಟ್ಟಿಗಳೇ ಶೀಟಿನ ಜೊತೆಗೆ ಹಾರಿದ್ದವು. ಪ್ರತಿ ಪಟ್ಟಿಯಿಂದಲೂ ಮೂರಿಂಚಿನ ಮೊಳೆಗಳು ನೇರವಾಗಿ, ಬಾಗದೆ, ಚಾಚಿಕೊಂಡಿದ್ದವು. ಅಂದರೆ ಮೇಲಿನ ಜೋಡಣೆ ಭದ್ರವಾಗಿತ್ತು, ಅದರ ಕೆಳಗಿನ ಜೋಡಣೆ ಸಡಿಲವಾಗಿತ್ತು.

ಅವಸರದಲ್ಲಿ ಹೊಸ ಪಟ್ಟಿಗಳನ್ನು ಬೈಂಡಿಂಗ್ ತಂತಿಯಿಂದ ಬಿಗಿದು ಕೊಟ್ಟಿಗೆ ಮತ್ತೆ ಎದ್ದು ನಿಂತಿತು. ಆಗಸ್ಟಿನಲ್ಲಿ ಅದೇ ಮನೆಯಿಂದ ಕರೆ ಬಂತು. ತುಂಬು ಗಬ್ಬದ ಇನ್ನೊಂದು ಹಸು ಮೇವು ಬಿಟ್ಟಿತ್ತು, ಬೆನ್ನು ಗೂನು ಮಾಡಿ ನಿಂತಿತ್ತು, ಗಂಗೆದೊಗಲು ನೀರು ತುಂಬಿ ಊದಿತ್ತು. ಉಳಿಸಲಾಗಲಿಲ್ಲ. ಶವಪರೀಕ್ಷೆಯಲ್ಲಿ ಹೃದಯದ ಸುತ್ತಲಿನ ಚೀಲದಲ್ಲಿ ಕೀವಿನ ನಡುವೆ ಬೆರಳುದ್ದದ ತಂತಿ ಸಿಕ್ಕಿತು. "ಸಾರ್, ಗಾಳಿ ಬಂದು ಹೋಗಿ ಮೂರು ತಿಂಗ್ಳಾಯ್ತಲ್ಲ, ಈಗ್ಯಾಕೆ ಹಿಂಗಾಯ್ತು?" ಎಂದು ಆ ಮನೆಯ ಹಿರಿಯರು ಕೇಳಿದರು. ಗಾಳಿ ಕೊಲ್ಲದ ಹಸುವನ್ನು ರಿಪೇರಿಯ ತಂತಿ ಕೊಂದಿತ್ತು.

ಅಂದಿನಿಂದ ಕೊಟ್ಟಿಗೆಗೆ ಹೋದಾಗಲೆಲ್ಲ ಹಸುವಿನ ಜೊತೆಗೆ ತಲೆಯ ಮೇಲಿನ ಜೋಡಣೆಗಳನ್ನೂ ನೋಡುವ ಅಭ್ಯಾಸವಾಗಿದೆ. ನಾನು ಎಂಜಿನಿಯರ್ ಅಲ್ಲ. ದೊಡ್ಡ ಕೊಟ್ಟಿಗೆ ಕಟ್ಟುವವರು ಎಂಜಿನಿಯರರನ್ನು ಕೇಳಿಯೇ ಮುಂದುವರಿಯಬೇಕು. ಹತ್ತು ರಾಸುಗಳೊಳಗಿನ ಸಾಮಾನ್ಯ ಕೊಟ್ಟಿಗೆಯ ಮಟ್ಟಿಗೆ ಸದಸ್ಯರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಹೆಂಚಿನ ಕಾಲದ ಮೊಳೆ, ಶೀಟಿನ ಕಾಲದ ಗಾಳಿ

ನಮ್ಮ ಹಿರಿಯರು ಕಟ್ಟಿದ ಕೊಟ್ಟಿಗೆಗಳಲ್ಲಿ ಜೋಡಣೆಗೆ ಕಬ್ಬಿಣ ಬಳಸಿದ್ದು ಬಹಳ ಕಡಿಮೆ. ತೊಲೆಯನ್ನು ಕಂಬದ ಕವಲಿನಲ್ಲಿ ಕೂರಿಸುತ್ತಿದ್ದರು, ಗಳುಗಳನ್ನು ಹಗ್ಗದಿಂದ ಕಟ್ಟುತ್ತಿದ್ದರು, ಬೇಕಾದಲ್ಲಿ ಒಂದೊಂದು ಮೊಳೆ. ಆದರೂ ಸೂರು ನಿಂತಿತ್ತು. ನಿಂತದ್ದು ಮೊಳೆಯ ಬಲದಿಂದಲ್ಲ, ಹೆಂಚಿನ ಭಾರದಿಂದ. ಮಂಗಳೂರು ಹೆಂಚು ಹೊದೆಸಿದರೆ ಒಂದು ಚದರ ಮೀಟರಿಗೆ ಸುಮಾರು 40 ಕೆ.ಜಿ. ಭಾರ ಬೀಳುತ್ತದೆ. 20 ಅಡಿ ಅಗಲ, 30 ಅಡಿ ಉದ್ದದ ಕೊಟ್ಟಿಗೆಗೆ ಅದು ಎರಡು ಟನ್ನಿಗೂ ಮೀರಿದ ಭಾರ. ಜೊತೆಗೆ ಹೆಂಚುಗಳ ಸಂದುಗಳಲ್ಲಿ ಗಾಳಿ ನುಸುಳಿ ಹೋಗುತ್ತಿತ್ತು.

ಈಗ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಎಲ್ಲೆಡೆ ಹೊಸ ಕೊಟ್ಟಿಗೆ ಎಂದರೆ ಬಣ್ಣದ ತಗಡಿನ ಶೀಟು. ಅರ್ಧ ಎಂ.ಎಂ. ದಪ್ಪದ ಶೀಟು ಚದರ ಮೀಟರಿಗೆ ಸುಮಾರು 5 ಕೆ.ಜಿ. ಮಾತ್ರ. ಅದೇ 20x30 ಅಡಿಯ ಕೊಟ್ಟಿಗೆಯ ಮೇಲೆ ಶೀಟುಗಳ ಒಟ್ಟು ತೂಕ 300 ಕೆ.ಜಿ.ಯನ್ನೂ ಮುಟ್ಟುವುದಿಲ್ಲ.

ಇನ್ನು ಗಾಳಿಯ ಲೆಕ್ಕ. ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 875ರ ಮೂರನೇ ಭಾಗವು 1987ರಲ್ಲಿ ಬಂದು 2015ರಲ್ಲಿ ಪರಿಷ್ಕೃತವಾಗಿದೆ. ಅದರಲ್ಲಿ ಬೆಂಗಳೂರು, ಮೈಸೂರುಗಳಿಗೆ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ವೇಗದ ಗಾಳಿಯನ್ನು ಆಧಾರವಾಗಿ ಇಟ್ಟುಕೊಳ್ಳಲು ಹೇಳಿದೆ. ಅಂಥ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 65 ಕೆ.ಜಿ. ಒತ್ತಡ ಹಾಕಬಲ್ಲದು. ಅಷ್ಟೂ ಬಲ ನಮ್ಮ ಕೊಟ್ಟಿಗೆಯ ಸೂರನ್ನು ಮೇಲಕ್ಕೆ ಎಳೆದರೆ ಒಟ್ಟು ಮೂರೂವರೆ ಟನ್ ಆಯಿತು. ತಗ್ಗಿನಲ್ಲಿ, ತೋಟದ ಮರೆಯಲ್ಲಿ ಇರುವ ಕೊಟ್ಟಿಗೆಗೆ ಇದು ಕಡಿಮೆ. ಬೋಳು ದಿನ್ನೆಯ ಮೇಲಿನ ಕೊಟ್ಟಿಗೆಗೆ, ಕೆರೆ ಏರಿಯ ಅಥವಾ ಹಿನ್ನೀರಿನ ಬಯಲಿಗೆ ಮುಖ ಮಾಡಿದ ಕೊಟ್ಟಿಗೆಗೆ ಹೆಚ್ಚು. ಮೇಲಕ್ಕೆಳೆಯುವ ಬಲ ಮೂರೂವರೆ ಟನ್, ಕೆಳಕ್ಕೆ ಕೂರಿಸುವ ಭಾರ ಶೀಟು ಮತ್ತು ಚೌಕಟ್ಟು ಸೇರಿ ಟನ್ನಿನ ಒಂದು ಪಾಲು. ಉಳಿದದ್ದನ್ನೆಲ್ಲ ಹಿಡಿದಿಡಬೇಕಾದದ್ದು ಜೋಡಣೆಯ ಕಬ್ಬಿಣ.

ಆದುದರಿಂದ ಶೀಟಿನ ಸೂರಿಗೆ ಬೋಲ್ಟು, ಪಟ್ಟಿ, ಪ್ಲೇಟುಗಳನ್ನು ಆರಿಸುವಾಗ "ಇದು ಭಾರ ಹೊರುತ್ತದೆಯೇ" ಎಂದು ಕೇಳಿದರೆ ಸಾಲದು, "ಇದು ಮೇಲಕ್ಕೆ ಹೋಗದಂತೆ ಹಿಡಿಯುತ್ತದೆಯೇ" ಎಂದು ಕೇಳಬೇಕು. ಬಡಗಿಗಳಲ್ಲಿ ಅನೇಕರು ಹೆಂಚಿನ ಕಾಲದ ಕೈಕೆಲಸವನ್ನೇ ಶೀಟಿಗೂ ಮುಂದುವರಿಸಿದ್ದಾರೆ. ಅವರ ಕೆಲಸದಲ್ಲಿ ದೋಷವಿಲ್ಲ, ಹೊದಿಕೆ ಬದಲಾಗಿದೆ ಅಷ್ಟೆ.

ಒಂದು ಕಡೆ ಪೂರ್ತಿ ತೆರೆದು ಎದುರು ಬದಿಗೆ ಗೋಡೆ ಹಾಕಿದ ಕೊಟ್ಟಿಗೆಗೆ ಅಪಾಯ ಹೆಚ್ಚು. ತೆರೆದ ಬದಿಯಿಂದ ನುಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಸೂರನ್ನು ಒಳಗಿನಿಂದ ಎತ್ತುತ್ತದೆ. ಅದೇ ಹೊತ್ತಿಗೆ ಸೂರಿನ ಮೇಲೆ ಹಾಯುವ ಗಾಳಿ ಹೊರಗಿನಿಂದ ಹೀರುತ್ತದೆ. ಕೊಡೆ ಮಗುಚಿಕೊಳ್ಳುವುದು ಹೀಗೆಯೇ. ಎದುರು ಗೋಡೆಯ ಮೇಲ್ಭಾಗದಲ್ಲಿ ಎರಡು ಅಡಿ ಜಾಲರಿ ಬಿಟ್ಟರೆ ಹಸುವಿಗೂ ಒಳ್ಳೆಯದು, ಸೂರಿಗೂ ಒಳ್ಳೆಯದು.

ಐದು ಕೊಂಡಿಗಳ ಸರಪಳಿ

ಶೀಟನ್ನು ಹಿಡಿಯುವುದು ಅದರ ಕೆಳಗಿನ ಅಡ್ಡಪಟ್ಟಿ. ಮೇಸ್ತ್ರಿಗಳು ಇದಕ್ಕೆ ಪರ್ಲಿನ್ ಎನ್ನುತ್ತಾರೆ. ಪರ್ಲಿನ್ನನ್ನು ಹಿಡಿಯುವುದು ಟ್ರಸ್, ಅಂದರೆ ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು. ಟ್ರಸ್ಸನ್ನು ಕಂಬ ಹಿಡಿಯಬೇಕು, ಕಂಬವನ್ನು ತಳಪಾಯ ಹಿಡಿಯಬೇಕು. ಹಗ್ಗಜಗ್ಗಾಟದ ಸಾಲಿನಂತೆ ಇದರಲ್ಲಿ ಯಾರೊಬ್ಬರು ಕೈಬಿಟ್ಟರೂ ಮುಂದಿನವರೆಲ್ಲ ಹೋಗುತ್ತಾರೆ. ಸದಸ್ಯರು ಶೀಟಿನ ಸ್ಕ್ರೂಗೆ ಖರ್ಚು ಮಾಡುತ್ತಾರೆ, ಏಕೆಂದರೆ ಅದು ಸೋರುವ ಜಾಗ, ಕಣ್ಣಿಗೆ ಕಾಣುತ್ತದೆ. ಕೆಳಗಿನ ಕೊಂಡಿಗಳ ಕಡೆ ಗಮನ ಕಡಿಮೆ.

ಕೆಳಗಿನಿಂದಲೇ ಆರಂಭಿಸೋಣ. ನಮ್ಮ 30 ಅಡಿ ಉದ್ದದ ಕೊಟ್ಟಿಗೆಗೆ ಹತ್ತು ಹತ್ತು ಅಡಿಗೆ ಒಂದರಂತೆ ಎರಡೂ ಬದಿ ಸೇರಿ ಎಂಟು ಕಂಬಗಳು ಬರುತ್ತವೆ. ನಡುವಿನ ಒಂದು ಕಂಬದ ಪಾಲಿಗೆ ಸುಮಾರು 100 ಚದರ ಅಡಿ ಸೂರು, ಅಂದರೆ ಮೇಲಿನ ಲೆಕ್ಕದಂತೆ ಸುಮಾರು 600 ಕೆ.ಜಿ. ಎಳೆತ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿಗೆ ತುಂಬಿದ ಕಾಂಕ್ರೀಟು ಸುಮಾರು 540 ಕೆ.ಜಿ. ತೂಗುತ್ತದೆ. ಸುತ್ತಲಿನ ಮಣ್ಣಿನ ಹಿಡಿತ, ಸೂರಿನದೇ ತೂಕ ಸೇರಿದರೆ ಇದು ಸರಿಹೋಗುತ್ತದೆ. ಒಂದಡಿ ಗುಂಡಿಯಲ್ಲಿ ಪೈಪು ನಿಲ್ಲಿಸಿ ಎರಡು ಬಾಂಡ್ಲಿ ಕಾಂಕ್ರೀಟು ಸುರಿದರೆ ಸರಿಹೋಗುವುದಿಲ್ಲ. ಪೈಪಿನ ಕಂಬವಾದರೆ ಅದರ ತಳದಲ್ಲಿ ಅಡ್ಡಕ್ಕೆ ಎರಡು ತುಂಡು ಕಬ್ಬಿಣದ ಸರಳು ವೆಲ್ಡ್ ಮಾಡಿಸಿ ಕಾಂಕ್ರೀಟಿನಲ್ಲಿ ಹೂಳಬೇಕು. ಇಲ್ಲವಾದರೆ ನುಣುಪು ಪೈಪು ಗೆಣಸು ಕಿತ್ತಂತೆ ಎದ್ದು ಬರುತ್ತದೆ.

ಇಟ್ಟಿಗೆ ಅಥವಾ ಕಾಂಕ್ರೀಟು ಕಂಬದ ಮೇಲೆ ಟ್ರಸ್ ಕೂರಿಸುವವರು ಕಂಬಕ್ಕೆ ಕಾಂಕ್ರೀಟು ಹಾಕುವಾಗಲೇ ಬೋಲ್ಟುಗಳನ್ನು ಹೂಳಬೇಕು. ಅರ್ಧ ಇಂಚಿನ, ಅಂದರೆ 12 ಎಂ.ಎಂ. ಬೋಲ್ಟು, ತಳ ಕೊಕ್ಕೆಯಂತೆ ಬಾಗಿರುವಂಥದು, ಕಾಂಕ್ರೀಟಿನೊಳಗೆ ಕನಿಷ್ಠ ಒಂದೂವರೆ ಅಡಿ ಇಳಿದಿರಬೇಕು. ಕಂಬಕ್ಕೆ ಎರಡಾದರೂ ಬೇಕು, ನಾಲ್ಕಿದ್ದರೆ ಉತ್ತಮ. ಇಟ್ಟಿಗೆ ಕಂಬವಾದರೆ ಮೇಲ್ತುದಿಯ ಒಂದು ಅಡಿ ಕಾಂಕ್ರೀಟು ಸಾಲದು. ಬೋಲ್ಟಿಗೆ ಬೆಸೆದ ಸರಳು ಕಂಬದೊಳಗೇ ತಳಪಾಯದವರೆಗೆ ಇಳಿಯಬೇಕು. ಇಲ್ಲದಿದ್ದರೆ ಟ್ರಸ್ಸಿನ ಜೊತೆ ಕಂಬದ ತಲೆಯೂ ಹೋಗುತ್ತದೆ. ಬೋಲ್ಟಿನ ಮೇಲೆ ಕೂರುವ ತಳಪ್ಲೇಟು 6 ರಿಂದ 8 ಎಂ.ಎಂ. ದಪ್ಪ ಇರಲಿ. ಒಂದು ನಟ್ಟಿನ ಮೇಲೆ ಇನ್ನೊಂದು ನಟ್ಟು ಬಿಗಿಸಿದರೆ ಗಾಳಿಯ ಅಲುಗಾಟಕ್ಕೆ ಸಡಿಲವಾಗುವುದಿಲ್ಲ. ಕಂಬ ಕಟ್ಟಿ ಮುಗಿದ ಮೇಲೆ ರಂಧ್ರ ಕೊರೆದು ಹಿಗ್ಗುವ ಆಂಕರ್ ಬೋಲ್ಟು ಹಾಕುವ ಪದ್ಧತಿಯೂ ಇದೆ. ಗಟ್ಟಿ ಕಾಂಕ್ರೀಟಿನಲ್ಲಿ, ಅಂಚಿನಿಂದ ದೂರದಲ್ಲಿ ಅದು ಹಿಡಿಯುತ್ತದೆ. ಇಟ್ಟಿಗೆಯಲ್ಲಿ ಅದನ್ನು ನಂಬಬಾರದು.

12 ಎಂ.ಎಂ.ನ ಒಂದು ಒಳ್ಳೆಯ ಬೋಲ್ಟು ತಾನು ತುಂಡಾಗುವ ಮೊದಲು ಸಾವಿರ ಕೆ.ಜಿ.ಗೂ ಮೀರಿದ ಎಳೆತವನ್ನು ತಡೆಯುತ್ತದೆ. ಆದ್ದರಿಂದ ಬೋಲ್ಟು ಇನ್ನೂ ದಪ್ಪ ಬೇಕೇ ಎಂಬ ಚಿಂತೆಗಿಂತ ಅದು ಯಾವುದನ್ನು ಕಚ್ಚಿಕೊಂಡಿದೆ ಎಂಬ ಚಿಂತೆ ಮುಖ್ಯ.

ನಮ್ಮ ಕಡೆ ಕಲ್ಲು ಕಂಬದ ಕೊಟ್ಟಿಗೆಗಳು ಈಗಲೂ ಸಾಕಷ್ಟಿವೆ. ಗಂಜಲಕ್ಕೆ ಜಗ್ಗದ ಕಂಬ ಎಂದರೆ ಅದೊಂದೇ. ತೆಗೆಯಬೇಡಿ ಎಂದೇ ನನ್ನ ಸಲಹೆ. ಆದರೆ ಕಂಬದ ತಲೆಗೆ ಕಬ್ಬಿಣದ ಪಟ್ಟಿ ಸುತ್ತಿ ಬಿಗಿದು ಟ್ರಸ್ ನಿಲ್ಲಿಸುವುದು ಸರಿಯಲ್ಲ. ಎಳೆತ ಬಿದ್ದರೆ ಪಟ್ಟಿ ಕೈಬಳೆಯಂತೆ ಜಾರಿ ಮೇಲೆ ಬರುತ್ತದೆ. ಕಲ್ಲು ಕೊರೆಯುವ ಯಂತ್ರ ಈಗ ಬಾಡಿಗೆಗೆ ಸಿಗುತ್ತದೆ. ತುದಿಯಿಂದ ಆರಿಂಚು ಕೆಳಗೆ ಆರುಪಾರು ರಂಧ್ರ ಕೊರೆಸಿ, ಎರಡೂ ಬದಿಗೆ ದಪ್ಪ ಪಟ್ಟಿ ಇಟ್ಟು ಬೋಲ್ಟು ಹಾಯಿಸಿದರೆ ಕಂಬ, ಟ್ರಸ್ ಒಂದಾಗುತ್ತವೆ.

ಪರ್ಲಿನ್ ಮತ್ತು ಟ್ರಸ್ ಕೂಡುವ ಜಾಗವೇ ಆ ಅರಕಲಗೂಡಿನ ಕೊಟ್ಟಿಗೆಯಲ್ಲಿ ಕೈಕೊಟ್ಟದ್ದು. ಮೇಲಿನಿಂದ ಕೆಳಕ್ಕೆ ಹೊಡೆದ ಮೊಳೆಯನ್ನು ಗಾಳಿ ಅದೇ ದಾರಿಯಲ್ಲಿ ಮೇಲಕ್ಕೆ ಎಳೆಯುತ್ತದೆ. ಬಂದ ದಾರಿಯಲ್ಲೇ ವಾಪಸು ಹೋಗಲು ಮೊಳೆಗೆ ಕಷ್ಟವಿಲ್ಲ. ಅದನ್ನು ಹಿಡಿದಿರುವುದು ಮರದ ಬಿಗಿ ಮಾತ್ರ. ಹಸಿ ಮರಕ್ಕೆ ಹೊಡೆದಿದ್ದರೆ ಮರ ಒಣಗಿದಂತೆ ಆ ಬಿಗಿಯೂ ಹೋಗುತ್ತದೆ. ನೀಲಗಿರಿ, ಸಿಲ್ವರ್ ಓಕ್ ಕಡಿದು ತಿಂಗಳೊಳಗೆ ಸೂರು ಏರಿಸುವವರು ಇದನ್ನು ಗಮನಿಸಬೇಕು. ಅದೇ ಮೊಳೆಗೆ ಅಡ್ಡಲಾಗಿ ಬಲ ಬಿದ್ದರೆ ಅದು ಬಾಗಬೇಕು ಅಥವಾ ಮರವನ್ನು ಸೀಳಬೇಕು. ಅದಕ್ಕೆ ಬಹಳ ಹೆಚ್ಚು ಬಲ ಬೇಕಾಗುತ್ತದೆ. ಮೊಳೆಯನ್ನು ಹೀಗೆ ಅಡ್ಡಬಲಕ್ಕೆ ಒಡ್ಡುವ ಉಪಾಯವೇ ಕಬ್ಬಿಣದ ಪಟ್ಟಿ. ಒಂದಿಂಚು ಅಗಲ, 3 ಎಂ.ಎಂ. ದಪ್ಪದ ಪಟ್ಟಿಯನ್ನು ಪರ್ಲಿನ್ನಿನ ಬೆನ್ನ ಮೇಲೆ ಹಾಯಿಸಿ, ಎರಡೂ ಕಡೆ ಟ್ರಸ್ಸಿನ ಪಕ್ಕೆಗೆ ಇಳಿಸಿ, ಪಕ್ಕದಿಂದ ಮೂರು ನಾಲ್ಕು ಮೊಳೆ ಅಥವಾ ಎರಡು ಸಣ್ಣ ಬೋಲ್ಟು ಹಾಕಬೇಕು. ಈಗ ಗಾಳಿ ಎಳೆದರೆ ಮೊಳೆ ಕೀಳುವುದಿಲ್ಲ. ಹಸುವಿಗೆ ಜೀನು ಪಟ್ಟಿ ಕಟ್ಟಿದಂತೆ ಎಂದು ನಮ್ಮ ಸದಸ್ಯರಿಗೆ ಹೇಳುತ್ತಿರುತ್ತೇನೆ. ಪೆಟ್ಟಿಗೆ ಕಟ್ಟುವ ತೆಳು ತಗಡಿನ ಪಟ್ಟಿ, ಬೈಂಡಿಂಗ್ ತಂತಿ ಇವೆರಡೂ ಈ ಕೆಲಸಕ್ಕಲ್ಲ. ಕೊಟ್ಟಿಗೆಯ ಹಬೆಯಲ್ಲಿ ತಂತಿ ಕೆಲವೇ ಮಳೆಗಾಲಕ್ಕೆ ತುಕ್ಕು ತಿಂದು ಉದುರುತ್ತದೆ. ಉದುರಿದ್ದು ಎಲ್ಲಿ ಬೀಳುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಟ್ರಸ್ಸೂ ಪರ್ಲಿನ್ನೂ ಕಬ್ಬಿಣದ್ದಾದರೆ, ಟ್ರಸ್ಸಿಗೆ ಆಂಗಲ್ ತುಂಡು ಬೆಸೆದು ಪರ್ಲಿನ್ನನ್ನು ಅದಕ್ಕೆ ಎರಡು ಬೋಲ್ಟಿನಿಂದ ಕೂರಿಸುವುದು ಸರಿಯಾದ ಕ್ರಮ. ಒಂದೇ ಬೋಲ್ಟಿದ್ದರೆ ಅದರ ಸುತ್ತ ಪರ್ಲಿನ್ ತಿರುಗಾಡುತ್ತದೆ.

ಶೀಟಿನ ಸ್ಕ್ರೂ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೂರಿನ ಅಂಚು, ಮೂಲೆ ಮತ್ತು ನೆತ್ತಿಯಲ್ಲಿ ಗಾಳಿಯ ಎಳೆತ ಹೆಚ್ಚು. ಅಲ್ಲಿ ಪ್ರತಿ ಉಬ್ಬಿಗೂ ಒಂದು ಸ್ಕ್ರೂ, ನಡುವೆ ಒಂದು ಬಿಟ್ಟು ಒಂದು ಉಬ್ಬಿಗೆ ಸಾಕು. ರಬ್ಬರ್ ವಾಷರ್ ತುಸು ಉಬ್ಬುವವರೆಗೆ ಬಿಗಿಸಬೇಕು, ಚಪ್ಪಟೆಯಾಗಿ ಹರಿಯುವಷ್ಟಲ್ಲ. ಪೈಪಿನ ಗೋಡೆ 2 ಎಂ.ಎಂ. ಇಲ್ಲದಿದ್ದರೆ ಸ್ಕ್ರೂವಿಗೆ ಹಲ್ಲೂರಲು ಜಾಗವಿರುವುದಿಲ್ಲ. ಸಿಮೆಂಟ್ ಶೀಟಿಗೆ ಮಾತ್ರ ಜೆ ಆಕಾರದ ಕೊಕ್ಕೆ ಬೋಲ್ಟೇ ಸರಿ, ಉಬ್ಬಿನ ಮೇಲೆಯೇ ರಂಧ್ರ ಕೊರೆದು ಹಾಕಬೇಕು.

ಮರದ ಟ್ರಸ್ಸಿನ ಸಂದುಗಳು

ಟ್ರಸ್ಸಿನ ಮರಗಳು ಕೂಡುವ ಸಂದಿನಲ್ಲಿ ಕೆಲವು ಒತ್ತುತ್ತವೆ, ಕೆಲವು ಎಳೆಯುತ್ತವೆ. ಒತ್ತುವ ಮರವನ್ನು ಕಚ್ಚು ಹಾಕಿ ಕೂರಿಸಿದರೆ ಮರವೇ ಮರವನ್ನು ತಡೆಯುತ್ತದೆ. ಎಳೆಯುವ ಮರಕ್ಕೆ ಕಬ್ಬಿಣ ಬೇಕು. ಕೆಳಗಿನ ಅಡ್ಡತೊಲೆ ಮತ್ತು ಇಳಿಜಾರು ತೊಲೆ ಕೂಡುವ ಸೂರಂಚಿನ ಸಂದು ಎಲ್ಲಕ್ಕಿಂತ ಮುಖ್ಯ. ಅದು ಬಿಟ್ಟರೆ ಟ್ರಸ್ ಕಾಲು ಜಾರಿ ಅಗಲವಾಗುತ್ತದೆ, ಗೋಡೆಯನ್ನೂ ನೂಕುತ್ತದೆ.

ಆ ಸಂದಿಗೆ ಎರಡೂ ಪಕ್ಕೆಗೆ 5 ಅಥವಾ 6 ಎಂ.ಎಂ. ಪ್ಲೇಟು ಇಟ್ಟು 12 ಎಂ.ಎಂ. ಬೋಲ್ಟು ಹಾಯಿಸುವುದು ಹಳ್ಳಿಯಲ್ಲಿ ಮಾಡಬಹುದಾದ ಒಳ್ಳೆಯ ಜೋಡಣೆ. ಇಲ್ಲಿ ಆಗುವ ತಪ್ಪು ಒಂದೇ: ರಂಧ್ರವನ್ನು ಮರದ ತುದಿಗೆ ತೀರ ಹತ್ತಿರ ಕೊರೆಯುವುದು. ಎಳೆತ ಬಿದ್ದಾಗ ಬೋಲ್ಟು ತುದಿಯ ಮರವನ್ನು ಸೀಳಿಕೊಂಡು ಹೊರಬರುತ್ತದೆ. ಎಳೆಯುವ ಮರದಲ್ಲಿ ರಂಧ್ರದಿಂದ ತುದಿಗೆ ಬೋಲ್ಟಿನ ಏಳರಷ್ಟು, ಅಂದರೆ 12 ಎಂ.ಎಂ. ಬೋಲ್ಟಿಗೆ ಸುಮಾರು ಮೂರೂವರೆ ಇಂಚು ಅಂತರ ಬೇಕು. ಪ್ಲೇಟು ಇಲ್ಲದೆ ಬರಿಯ ಬೋಲ್ಟು ಹಾಕುವಲ್ಲಿ ಎರಡಿಂಚು ಚೌಕದ ದಪ್ಪ ವಾಷರ್ ಇರಲಿ. ಅಂಗಡಿಯವರು ಕೊಡುವ ಸಣ್ಣ ದುಂಡು ವಾಷರ್ ನಟ್ಟು ಬಿಗಿಸುವಾಗಲೇ ಮರದೊಳಗೆ ಹೂತುಹೋಗುತ್ತದೆ. ಮರ ಒಣಗಿ ಕುಗ್ಗುವುದರಿಂದ ಮೊದಲ ವರ್ಷ ಎರಡು ಸಲವಾದರೂ ನಟ್ಟುಗಳನ್ನು ಮತ್ತೆ ಬಿಗಿಸಬೇಕು.

ಹೊನ್ನೆ, ಮತ್ತಿಯಂಥ ಗಟ್ಟಿ ಮರಕ್ಕೆ ಮೊಳೆ ಹೊಡೆಯುವ ಮುಂಚೆ ಮೊಳೆಗಿಂತ ಸ್ವಲ್ಪ ಸಣ್ಣ ರಂಧ್ರ ಕೊರೆದುಕೊಂಡರೆ ಸೀಳು ಬರುವುದಿಲ್ಲ. ಚನ್ನರಾಯಪಟ್ಟಣದ ಕಡೆ ಬಳಸುವ ತೆಂಗಿನ ತೊಲೆಯ ವಿಚಾರ ಬೇರೆ. ಅದರ ಹೊರಭಾಗ ಗಟ್ಟಿ, ತಿರುಳು ಮೆದು. ತಿರುಳಿನಲ್ಲಿ ನಿಂತ ಮೊಳೆಗೆ ಹಿಡಿತವೇ ಇಲ್ಲ. ತೆಂಗಿಗೆ ಪೂರ್ತಿ ಹಾಯುವ ಬೋಲ್ಟು, ಎರಡೂ ಕಡೆ ಅಗಲ ವಾಷರ್ ಬೇಕೇ ಬೇಕು.

ಮೊಬೈಲಿನಲ್ಲಿ ಅಮೆರಿಕದ ಕೊಟ್ಟಿಗೆಗಳ ಚಿತ್ರ ನೋಡಿದ ಯುವ ಸದಸ್ಯರೊಬ್ಬರು, ಟ್ರಸ್ಸಿನ ಸಂದುಗಳಲ್ಲಿ ಹಲ್ಲುಹಲ್ಲಿನ ತಗಡು ಒತ್ತಿರುತ್ತಾರಲ್ಲ, ಅದು ಇಲ್ಲಿ ಸಿಗುತ್ತದೆಯೇ ಎಂದು ಕೇಳಿದರು. 1950ರ ದಶಕದಲ್ಲಿ ಅಲ್ಲಿ ಬಳಕೆಗೆ ಬಂದ ಆ ಪ್ಲೇಟುಗಳು ಕಾರ್ಖಾನೆಯಲ್ಲಿ ಭಾರೀ ಒತ್ತುಯಂತ್ರದಿಂದ, ಒಣಗಿಸಿ ಒಂದೇ ದಪ್ಪಕ್ಕೆ ಹತ್ತರಿ ಹಿಡಿದ ಮೆದು ಮರಕ್ಕೆ ಒತ್ತಿಸಲು ಮಾಡಿದವು. ಸುತ್ತಿಗೆಯಿಂದ ಬಡಿದರೆ ಹಲ್ಲು ಮಡಚಿಕೊಳ್ಳುತ್ತವೆ. ನಮ್ಮ ನೀಲಗಿರಿ ಗಳುಗಳಿಗೆ, ಹೊನ್ನೆ ತೊಲೆಗಳಿಗೆ ಅವು ಹೊಂದುವುದಿಲ್ಲ. ಬೋಲ್ಟು-ಪ್ಲೇಟೇ ನಮಗೆ ಸರಿ.

ಪೈಪಿನ ಟ್ರಸ್ ಮತ್ತು ವೆಲ್ಡಿಂಗ್

ಪೈಪು ಅಥವಾ ಆಂಗಲ್ ಟ್ರಸ್ಸಿನಲ್ಲಿ ವೆಲ್ಡಿಂಗೇ ಜೋಡಣೆ. ಚುಕ್ಕಿ ಚುಕ್ಕಿಯಾಗಿ ಅಂಟಿಸಿ ಮೇಲೆ ಬಣ್ಣ ಬಳಿದರೆ ನೋಡುವವರಿಗೆ ತಿಳಿಯುವುದಿಲ್ಲ. ಬಣ್ಣ ಬಳಿಯುವ ಮುಂಚೆ ತಾವೇ ಹೋಗಿ ನೋಡಬೇಕು: ಬೆಸುಗೆ ಸಂದಿನ ಸುತ್ತ ಎಡೆಬಿಡದೆ ಓಡಿರಬೇಕು, ಮೇಲಿನ ಕಿಟ್ಟವನ್ನು ಕುಟ್ಟಿ ತೆಗೆದಿರಬೇಕು. ಆಂಗಲ್‌ಗಳು ಕೂಡುವಲ್ಲಿ ಗಸೆಟ್ ಪ್ಲೇಟು 6 ಎಂ.ಎಂ.ಗೆ ಕಡಿಮೆ ಬೇಡ, ಎಲ್ಲ ಆಂಗಲ್‌ಗಳ ನಡುಗೆರೆಗಳೂ ಒಂದೇ ಬಿಂದುವಿನ ಕಡೆ ಮುಖ ಮಾಡಿರಬೇಕು. ಜಿ.ಐ. ಪೈಪಿಗೆ ವೆಲ್ಡ್ ಮಾಡಿದರೆ ಆ ಜಾಗದ ಸತುವಿನ ಲೇಪ ಸುಟ್ಟುಹೋಗುತ್ತದೆ. ಅಲ್ಲಿಗೆ ಸತುವು ಹೆಚ್ಚಿರುವ ಬಣ್ಣವನ್ನು ಎರಡು ಸಲ ಬಳಿಯಬೇಕು. ಸುಟ್ಟ ಸತುವಿನ ಹೊಗೆ ಮನುಷ್ಯರಿಗೂ ದನಕ್ಕೂ ಕೆಟ್ಟದ್ದು. ವೆಲ್ಡಿಂಗ್ ನಡೆಯುವಾಗ ರಾಸುಗಳು ಹೊರಗಿರಲಿ, ಹುಲ್ಲು ಅಲ್ಲಿರದಿರಲಿ.

ಗಂಜಲ ತಿನ್ನುವ ಲೋಹ

ಮನೆಯ ಸೂರಿಗೆ ಇಪ್ಪತ್ತು ವರ್ಷ ಬಂದ ಬೋಲ್ಟು ಕೊಟ್ಟಿಗೆಯಲ್ಲಿ ಬಹು ಬೇಗ ಹಾಳಾಗುತ್ತದೆ. ಗಂಜಲದಿಂದ ಏಳುವ ಅಮೋನಿಯಾ, ಹಸುಗಳ ಉಸಿರಿನ ತೇವ ಎರಡೂ ಸೇರಿ ರಾತ್ರಿ ತಣ್ಣಗಾದ ತಗಡಿನ ಅಡಿ ಹನಿಗಟ್ಟುತ್ತವೆ. ಆ ಹನಿ ಸತುವಿನ ಲೇಪವನ್ನು ತಿನ್ನುತ್ತದೆ. ಹಿತ್ತಾಳೆ, ತಾಮ್ರಗಳಿಗಂತೂ ಅಮೋನಿಯಾ ನೇರ ಶತ್ರು. ಕೊಟ್ಟಿಗೆಯ ಜೋಡಣೆಗೆ ಅವು ಬೇಡವೇ ಬೇಡ.

ಅಂಗಡಿಯಲ್ಲಿ ಫಳಫಳ ಹೊಳೆಯುವ ಬೋಲ್ಟನ್ನು ಕಂಡು ಒಳ್ಳೆಯದೆಂದು ತರುತ್ತೇವೆ. ಆ ಹೊಳಪು ವಿದ್ಯುತ್ತಿನಿಂದ ಕೂರಿಸಿದ ತೆಳು ಸತುವು, ಸಾಮಾನ್ಯವಾಗಿ 5 ರಿಂದ 10 ಮೈಕ್ರಾನ್. ಕರಗಿದ ಸತುವಿನಲ್ಲಿ ಅದ್ದಿದ ಬೋಲ್ಟು ಮಬ್ಬು ಬೂದುಬಣ್ಣ, ಮುಟ್ಟಿದರೆ ತುಸು ಒರಟು; ನೋಡಲು ಚೆಂದವಿಲ್ಲ. ಆದರೆ ಲೇಪ ಐದಾರು ಪಟ್ಟು ದಪ್ಪ. ಕೊಟ್ಟಿಗೆಗೆ ಈ ಚೆಂದವಿಲ್ಲದ್ದನ್ನೇ ಕೇಳಿ ತರಬೇಕು. ನಟ್ಟನ್ನೂ ಅದರ ಜೊತೆಯದೇ ತರಬೇಕು, ಬೇರೆ ನಟ್ಟು ದಪ್ಪ ಲೇಪದ ಮೇಲೆ ಏರುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲು ಇನ್ನೂ ಬಾಳಿಕೆ ಬರುತ್ತದೆ, ಬೆಲೆ ಹೆಚ್ಚು. ಅದರ ಒಂದು ತೊಡಕನ್ನು ಮುಂದೆ ಹೇಳುತ್ತೇನೆ. ಸಿಡಿಲು ತಡೆಗೆಂದು ತಾಮ್ರದ ತಂತಿ ಇಳಿಸಿದ್ದರೆ ಅದು ತಗಡಿಗೆ ತಾಗಬಾರದು. ತಾಮ್ರದ ಮೇಲೆ ಹರಿದ ಮಳೆನೀರು ಬಿದ್ದರೂ ಸತುವು ಸವೆಯುತ್ತದೆ.

ಕಂಬದ ಬುಡದ ಒಂದೂವರೆ ಅಡಿ ಎಲ್ಲಕ್ಕಿಂತ ಕೆಟ್ಟ ಜಾಗ. ಸಗಣಿ, ಗಂಜಲ, ತೊಳೆದ ನೀರು ಅಲ್ಲೇ ನಿಲ್ಲುತ್ತವೆ. ಕಬ್ಬಿಣದ ಕಂಬದ ತಳಪ್ಲೇಟನ್ನು ನೆಲದ ಮಟ್ಟದಲ್ಲಿ ಇಡದೆ, ಒಂದೂವರೆ ಅಡಿ ಎತ್ತರದ ಕಾಂಕ್ರೀಟು ಪೀಠದ ಮೇಲೆ ಕೂರಿಸುವುದು ಸರಿ. ಈಗಾಗಲೇ ಪೈಪು ನೆಟ್ಟವರು ಬುಡವನ್ನು ಕೆರೆದು ನೋಡಿ. ಸ್ಕ್ರೂಡ್ರೈವರ್ ಒಳಗೆ ಹೋದರೆ ಆ ಕಂಬದ ಕಾಲ ಮುಗಿದಿದೆ. ನೆತ್ತಿಯಲ್ಲಿ ಗಾಳಿಕಿಂಡಿ ಬಿಟ್ಟರೆ ಅಮೋನಿಯಾ ಹೊರಹೋಗಿ ಹಸುವಿನ ಶ್ವಾಸಕೋಶಕ್ಕೂ ಬೋಲ್ಟಿಗೂ ಆಯುಸ್ಸು ಹೆಚ್ಚುತ್ತದೆ. ಚಳಿಗಾಲದಲ್ಲಿ ಟಾರ್ಪಾಲು ಹಾಕಿ ನಾಲ್ಕೂ ಕಡೆ ಮುಚ್ಚುವ ಪದ್ಧತಿ ಎರಡಕ್ಕೂ ಹಾನಿ.

ಅಟ್ಟದ ಭಾರ, ಹಸುವಿನ ಭಾರ

ಕೊಟ್ಟಿಗೆಯ ಮೇಲೆ ರಾಗಿಹುಲ್ಲಿಗೆ ಅಟ್ಟ ಮಾಡುವವರು ಅಂದಾಜು ತಪ್ಪುತ್ತಾರೆ. ಸಡಿಲವಾಗಿ ಪೇರಿಸಿದ ಒಣಹುಲ್ಲು ಘನ ಮೀಟರಿಗೆ 60 ಕೆ.ಜಿ.ಯ ಆಸುಪಾಸು ತೂಗುತ್ತದೆ ಎಂದಿಟ್ಟುಕೊಂಡರೂ ಹತ್ತಡಿ ಚೌಕದ ಅಟ್ಟದಲ್ಲಿ ಐದಡಿ ಎತ್ತರ ಪೇರಿಸಿದ್ದು 800 ಕೆ.ಜಿ. ಮೀರುತ್ತದೆ. ಯಂತ್ರದಲ್ಲಿ ಒತ್ತಿದ ಪಿಂಡಿಯಾದರೆ ಇನ್ನೂ ಹೆಚ್ಚು. ಸೂರು ಸೋರಿ ನೆನೆದರೆ ಹೇಳುವುದೇ ಬೇಡ.

ಇಷ್ಟು ಭಾರವನ್ನು ಸೂರಿನ ಟ್ರಸ್ಸಿನ ಕೆಳತೊಲೆಯ ಮೇಲೆ ಹೇರುವುದು ತಪ್ಪು. ಟ್ರಸ್ ಭಾರ ಹೊರುವುದು ಸಂದುಗಳಲ್ಲಿ. ಎರಡು ಸಂದುಗಳ ನಡುವೆ ಭಾರ ಬಿದ್ದರೆ ಅದು ಬರಿಯ ತೆಳು ತೊಲೆ. ಅಟ್ಟಕ್ಕೆ ಬೇರೆಯೇ ತೊಲೆಗಳಿರಬೇಕು, ಅವು ಕಂಬದಿಂದ ಕಂಬಕ್ಕೆ ನಿಲ್ಲಬೇಕು. ಅಟ್ಟದ ಸಣ್ಣ ತೊಲೆ ದೊಡ್ಡ ತೊಲೆಯ ಪಕ್ಕೆಗೆ ಸೇರುವಲ್ಲಿ ಓರೆ ಮೊಳೆ ಹೊಡೆದು ಬಿಡುವುದು ರೂಢಿ. ಅದರ ಬದಲು ತೊಲೆಯ ತುದಿಯನ್ನು ತೊಟ್ಟಿಲಿನಂತೆ ಹೊತ್ತುಕೊಳ್ಳುವ ಯು ಆಕಾರದ ಕಬ್ಬಿಣದ ಆಸನವನ್ನು ಲೋಹದ ಕೆಲಸದವರಿಂದ ಮಾಡಿಸಬೇಕು. 5 ಎಂ.ಎಂ. ಪಟ್ಟಿ, ತೊಲೆಯ ಅಗಲಕ್ಕೆ ಸರಿಯಾಗಿ ಬಾಗಿಸಿ, ದೊಡ್ಡ ತೊಲೆಗೆ ಎರಡು ಬೋಲ್ಟು, ಸಣ್ಣ ತೊಲೆಗೆ ಪಕ್ಕದಿಂದ ಮೊಳೆ. ತೊಲೆಯ ತುದಿ ಆಸನದ ತಳದ ಮೇಲೆ ಪೂರ್ತಿ ಕುಳಿತಿರಬೇಕು. ನಡುವೆ ಸಂದು ಬಿಟ್ಟರೆ ಭಾರವೆಲ್ಲ ಮೊಳೆಯ ಮೇಲೆ ಬೀಳುತ್ತದೆ.

ಇನ್ನೊಂದು ವಿಷಯ ಪಶುವೈದ್ಯನಾಗಿ ಹೇಳಲೇಬೇಕು. ಹಾಲುಜ್ವರದಿಂದ ನೆಲ ಹಿಡಿದ ಹಸುವನ್ನು ಎತ್ತಲು ಚೈನ್ ಪುಲ್ಲಿಯನ್ನು ಕೊಟ್ಟಿಗೆಯ ಟ್ರಸ್ಸಿಗೆ ನೇತುಹಾಕುತ್ತಾರೆ. ಎಚ್.ಎಫ್. ಮಿಶ್ರತಳಿ ಹಸು 400 ರಿಂದ 500 ಕೆ.ಜಿ. ಇರುತ್ತದೆ, ಒದ್ದಾಡಿದರೆ ಎಳೆತ ಇನ್ನೂ ಹೆಚ್ಚು. ಶೀಟಿನ ಸೂರಿಗೆಂದು ಮಾಡಿದ ಟ್ರಸ್ ಇದಕ್ಕಲ್ಲ. ಎತ್ತಲು ಪ್ರತ್ಯೇಕ ಮುಕ್ಕಾಲು ಚೌಕಟ್ಟು ನಿಲ್ಲಿಸಬೇಕು. ಸಂಘದ ವತಿಯಿಂದ ಊರಿಗೊಂದು ಇದ್ದರೆ ಎಲ್ಲರಿಗೂ ಅನುಕೂಲ.

ಬಿದ್ದ ಮೊಳೆ, ನುಂಗಿದ ಹಸು

ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ. ನಾಲಿಗೆ ಸುತ್ತಿ ಸೆಳೆದದ್ದನ್ನು ಅರೆಬರೆ ಅಗಿದು ನುಂಗಿಬಿಡುತ್ತದೆ. ಮೊಳೆ, ತಂತಿ ಭಾರವಾದ್ದರಿಂದ ಜೇನುಗೂಡಿನಂತಿರುವ ಎರಡನೇ ಹೊಟ್ಟೆಗೆ ಇಳಿದು ನಿಲ್ಲುತ್ತವೆ. ಅದರ ಮುಂದೆ ವಪೆ, ವಪೆಯ ಆಚೆ ಕೆಲವೇ ಅಂಗುಲದಲ್ಲಿ ಹೃದಯ. ಹೊಟ್ಟೆ ಕುಗ್ಗುವಾಗ ಚೂಪಾದ ತುಂಡು ಮುಂದಕ್ಕೆ ಚುಚ್ಚುತ್ತದೆ. ಗಬ್ಬ ತುಂಬುತ್ತಾ ಬಂದಾಗ ಗರ್ಭಕೋಶದ ಒತ್ತಡ, ಕರು ಹಾಕುವಾಗಿನ ತಿಣುಕು ಅದನ್ನು ಇನ್ನೂ ಮುಂದಕ್ಕೆ ದೂಡುತ್ತವೆ. ಮೇ ತಿಂಗಳ ತಂತಿ ಆಗಸ್ಟಿನಲ್ಲಿ ಕೊಂದದ್ದು ಹೀಗೆ.

ಹಾಲು ಒಮ್ಮೆಲೇ ಇಳಿಯುವುದು, ಮೇವು ಬಿಡುವುದು, ಬೆನ್ನು ಗೂನು ಮಾಡಿ ಮುಂಗೈ ಮೊಣಕೈಗಳನ್ನು ಅಗಲಿಸಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯುವಾಗ ನರಳುವುದು ಮೊದಲ ಲಕ್ಷಣಗಳು. ಗಂಗೆದೊಗಲು ಊದಿ ಕತ್ತಿನ ರಕ್ತನಾಳ ಹಗ್ಗದಂತೆ ಎದ್ದು ಕಂಡರೆ ಹೃದಯ ತಲುಪಿದೆ ಎಂದರ್ಥ, ಆಮೇಲೆ ಉಳಿಯುವುದು ಅಪರೂಪ. ಮೊದಲ ಹಂತದಲ್ಲೇ ಪಶುವೈದ್ಯರನ್ನು ಕರೆಯಿರಿ; ಅಜೀರ್ಣವೆಂದು ಎಣ್ಣೆ, ಕಷಾಯ ಕುಡಿಸುತ್ತಾ ದಿನ ಕಳೆಯಬೇಡಿ. ಅವರು ಬರುವವರೆಗೆ ಮುಂಗಾಲುಗಳು ಅರ್ಧ ಅಡಿ ಎತ್ತರದಲ್ಲಿರುವಂತೆ ನಿಲ್ಲಿಸಿ.

ಸೂರಿನ ಕೆಲಸ ನಡೆಯುವ ದಿನಗಳಲ್ಲಿ ರಾಸುಗಳನ್ನು ಬೇರೆಡೆ ಕಟ್ಟಿ, ಗೋದಲಿಯನ್ನು ಟಾರ್ಪಾಲಿನಿಂದ ಮುಚ್ಚಬೇಕು. ತಂತಿ ತುಂಡು, ಬಾಗಿದ ಮೊಳೆ, ಶೀಟಿನ ಕತ್ತರಿಕೆಗೆ ಒಂದು ಡಬ್ಬ ಇಟ್ಟು ಕೆಲಸದವರಿಗೆ ಹೇಳಬೇಕು. ಸಂಜೆ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲ, ಗೋದಲಿ, ಅಂಗಳದ ಮೇಲೆಲ್ಲ ಎಳೆದಾಡಿ. ಏನೇನು ಅಂಟಿಕೊಂಡು ಬರುತ್ತದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಆದರೆ ಅಲ್ಯೂಮಿನಿಯಂ ರಿವೆಟ್ಟು, ತಾಮ್ರದ ವೈರು ಇದಕ್ಕೆ ಅಂಟುವುದಿಲ್ಲ, ಸಾಮಾನ್ಯ 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಕೂಡ ಅಂಟುವುದಿಲ್ಲ. ಹಸುವಿಗೆ ನುಂಗಿಸುವ ಅಯಸ್ಕಾಂತವೂ ಅವನ್ನು ಹಿಡಿಯಲಾರದು. ಸ್ಟೇನ್‌ಲೆಸ್ಸಿನ ತೊಡಕು ಎಂದದ್ದು ಇದನ್ನೇ. ಅವನ್ನು ಕಣ್ಣಿನಿಂದಲೇ ಹೆಕ್ಕಬೇಕು. ಸಾಧ್ಯವಾದರೆ ಪರ್ಲಿನ್ ಜೋಡಣೆಯ ಸಾಲು ಗೋದಲಿಯ ನೇರಕ್ಕೆ ಬಾರದಂತೆ ಮೊದಲೇ ಯೋಚಿಸಿ ಸೂರು ಹಾಕುವುದು ಒಳ್ಳೆಯದು.

ಮುಂಗಾರು ಪೂರ್ವದ ಗಾಳಿ ಏಳುವ ಮುನ್ನ, ಶಿವರಾತ್ರಿ ಕಳೆದು ಯುಗಾದಿಯೊಳಗೆ, ಒಂದು ಬೆಳಿಗ್ಗೆ ಏಣಿ ಮತ್ತು ಸ್ಪ್ಯಾನರ್ ಹಿಡಿದು ಕೊಟ್ಟಿಗೆ ಸುತ್ತಬೇಕು. ಪ್ರತಿ ನಟ್ಟನ್ನೂ ತಿರುಗಿಸಿ ನೋಡುವುದು, ತಲೆ ಎತ್ತಿದ ಮೊಳೆಯ ಜಾಗಕ್ಕೆ ಪಟ್ಟಿ ಹಾಕುವುದು, ಕಂಬದ ಬುಡ ಕೆರೆದು ನೋಡುವುದು. ತಂತಿ ಕಟ್ಟಿದ ಸಂದು ಕಂಡರೆ ತಂತಿಯನ್ನು ಕತ್ತರಿಸುವ ಮುಂಚೆ ಬೋಲ್ಟು ಹಾಕಿ, ಕತ್ತರಿಸಿದ ತುಂಡನ್ನು ಜೇಬಿಗೆ ಹಾಕಿಕೊಳ್ಳಿ.